ಅಮ್ಮನ ಟ್ರಂಕಿನ ಹೂವು

ದುವ್ವಾಡ, ವಿಶಾಖಪಟ್ಟಣಂ
12 ಅಕ್ಟೋಬರ್ 1987

ಅತ್ತಿಗೆಯವರಿಗೆ ಗಿರಿಜೆಯ ನಮಸ್ಕಾರ.

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಜಾಗ ಉಳಿದರೆ. ಮೊದಲು ಸುದ್ದಿ ಕೇಳಿ. ಸಿಕ್ಕಿತು ಅತ್ತಿಗೆ, ನಿಮ್ಮ ಅಮ್ಮನ ವಯೊಲೆಟ್ ಗಿಡ ಸಿಕ್ಕಿತು. ಈಗ ನಮ್ಮ ಬಾವಿಕಟ್ಟೆಯ ಪಕ್ಕದಲ್ಲೇ ಕೂತಿದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ನೋಡಿ ಬರುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ದಸರೆಗೆ ನಿಮ್ಮಲ್ಲಿಗೆ ಬಂದಿದ್ದಾಗ ಊಟದ ಹೊತ್ತಿನಲ್ಲಿ ನೀವು ಅಮ್ಮನ ಮಾತು ತೆಗೆದಿರಲ್ಲ. ಅಪ್ಪ ನಂದಿಬೆಟ್ಟದ ತೋಟದಲ್ಲಿ ಮೇಸ್ತ್ರಿಯಾಗಿದ್ದದ್ದು, ಕ್ವಾರ್ಟರ್ಸಿನ ಹಿಂದೆ ಅಮ್ಮ ವಯೊಲೆಟ್ ಬೆಳೆಸಿದ್ದು, ಆ ಪುಟ್ಟ ಹೂಗಳನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದದ್ದು, ಅಮ್ಮ ಹತ್ತಿರ ಬಂದರೆ ಅವರಿಗಿಂತ ಮೊದಲು ಆ ವಾಸನೆ ಬರುತ್ತಿದ್ದದ್ದು. ನೀವು ಹೇಳುತ್ತಾ ಬಡಿಸುತ್ತಿದ್ದಿರಿ, ಗಮನಿಸಲಿಲ್ಲ. ನಾನು ನಿಮ್ಮ ತಮ್ಮನನ್ನು ನೋಡುತ್ತಿದ್ದೆ. ಮೊಸರನ್ನದ ತುತ್ತು ಕೈಯಲ್ಲೇ ನಿಂತುಬಿಟ್ಟಿತ್ತು. ಎಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಮೊಸರನ್ನವನ್ನು ಕಾಯುವಂತೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ವಾಪಸು ಬರುವಾಗ ರೈಲು ತುನಿ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: "ಅಮ್ಮ ಹೋದಾಗ ಅಕ್ಕನಿಗೆ ಹದಿನೈದು, ನಂಗೆ ನಾಲ್ಕು. ಅವಳಿಗೆ ಅಮ್ಮನ ವಾಸನೇನೂ ಗೊತ್ತು. ನಂಗೆ ಮುಖಾನೂ ಗೊತ್ತಿಲ್ಲ ಕಣೇ."

ಅಲ್ಲೇ ನಿರ್ಧರಿಸಿದೆ. ಮುಖ ತರುವುದಕ್ಕಂತೂ ನನ್ನಿಂದ ಆಗದು, ಇದ್ದ ಒಂದು ಫೋಟೋವನ್ನೂ ಗೆದ್ದಲು ತಿಂದಿದೆ. ವಾಸನೆಯನ್ನಾದರೂ ತಂದುಕೊಡುತ್ತೇನೆ. ಗಾಜುವಾಕದ ದಾರಿಯಲ್ಲಿ ಸೂರ್ಯಪ್ರಕಾಶ ಎನ್ನುವವರ ನರ್ಸರಿ ಇದೆ, ಕ್ರೋಟನ್ನು ಗುಲಾಬಿ ಮಾರುವವರು. ವಯೊಲೆಟ್ ಇದೆಯೇ ಎಂದರೆ ನಕ್ಕರು. ಮೂರನೇ ಸಲ ಹೋದಾಗ ಒಳಗಿನಿಂದ ಒಂದು ಕುಂಡ ತಂದರು. ಅರಕು ಘಟ್ಟದ ಮೇಲಿನಿಂದ ಯಾರೋ ತಂದುಕೊಟ್ಟದ್ದಂತೆ. ನೀವು ಹೇಳಿದ ಹಾಗೆಯೇ ಎಲೆ, ವೀಳ್ಯದೆಲೆಯ ಮರಿಯ ಹಾಗೆ. ವೈಜಾಗಿನ ಸೆಖೆಗೆ ಸಾಯುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ ಎಂದರು. ನೋಡೋಣ.

ಅತ್ತಿಗೆ, ಆ ವಾಸನೆ ಗೊತ್ತಿರುವವರು ಈಗ ಭೂಮಿಯ ಮೇಲೆ ನೀವೊಬ್ಬರೇ. ಹೂ ಬಿಟ್ಟ ದಿನ ನಿಮಗೆ ಕಳಿಸುತ್ತೇನೆ. ನೀವು ಮೂಸಿ ನೋಡಿ 'ಅದೇ' ಎಂದು ಬರೆಯಬೇಕು. ಆಮೇಲೆಯೇ ಇವರ ಕೈಗೆ ಹೂ ಕೊಡುವುದು. ಅಲ್ಲಿಯತನಕ ಇವರಿಗೆ ಇದು ಯಾವುದೋ ಸೊಪ್ಪಿನ ಗಿಡ.

ಜಾಗ ಮುಗಿಯಿತು. ಎಲ್ಲರೂ ಕ್ಷೇಮ.

ನಿಮ್ಮ
ಗಿರಿಜಾ

*

ಪಟಮಟ, ವಿಜಯವಾಡ
24 ಅಕ್ಟೋಬರ್ 1987

ಚಿ. ಸೌ. ಗಿರಿಜೆಗೆ ಅನಸೂಯಳ ಆಶೀರ್ವಾದ.

ನಿನ್ನ ಪತ್ರ ಓದಿ ನಕ್ಕು ನಕ್ಕು ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವಳು ನೀನು. ಮೊಗ್ಗಿಲ್ಲ, ಹೂವಿಲ್ಲ, ಆಗಲೇ ಪಾರ್ಸಲ್ ಮಾಡುವ ಯೋಚನೆ. ಆದರೂ ನಿಜ ಹೇಳಲೇ, ಪತ್ರವನ್ನು ಮಡಿಸಿ ಬ್ಲೌಸಿನಲ್ಲಿ ಇಟ್ಟುಕೊಂಡೇ ಅಡುಗೆ ಮಾಡಿದೆ.

ಗಿಡದ ವಿಷಯ ಹೇಳುತ್ತೇನೆ, ಕೇಳು. ಅಪ್ಪ ಬೇಸಿಗೆಯಲ್ಲಿ ಒಂದು ಉಪಾಯ ಮಾಡುತ್ತಿದ್ದರು. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಮಣ್ಣಿನ ಕುಂಡ, ನಡುವೆ ಮರಳು. ನೀರು ಗಿಡಕ್ಕಲ್ಲ, ಮರಳಿಗೆ. ಮರಳು ಒದ್ದೆ ಇದ್ದರೆ ಬೇರು ತಣ್ಣಗಿರುತ್ತದೆ. ಬೆಳಗಿನ ಬಿಸಿಲು ಒಂದು ಗಂಟೆ ಸಾಕು. ಹೂವು ಬಿಟ್ಟರೆ ತಲೆ ತಗ್ಗಿಸಿಕೊಂಡು ಎಲೆಯ ಕೆಳಗೇ ಇರುತ್ತದೆ, ಹೊಸ ಸೊಸೆಯ ಹಾಗೆ. ಎಲೆ ಎತ್ತಿ ಹುಡುಕಬೇಕು.

ವಾಸನೆ ಹೇಗಿತ್ತು ಎಂದು ಬರೆಯಲು ಕೂತರೆ ಕೈ ಓಡುವುದಿಲ್ಲ. ಅಮ್ಮ ಒಂದು ಮಾತು ಹೇಳುತ್ತಿದ್ದಳು. "ಎಳೇ ಸೌತೇಕಾಯಿ ಹೆಚ್ಚಿ ಸಕ್ಕರೆ ಉದುರಿಸ್ದಂಗೆ" ಅಂತ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು. ಆದರೆ ನನ್ನ ಮೂಗನ್ನು ಅಷ್ಟೊಂದು ನೆಚ್ಚಿಕೊಳ್ಳಬೇಡ ಗಿರಿಜಾ, ಮೂವತ್ತು ವರ್ಷದ ಮೇಲಾಯಿತು, ಮೂಗಿಗೂ ವಯಸ್ಸಾಗುತ್ತದೆ.

ಇಲ್ಲಿ ನಮ್ಮ ಅತ್ತೆಯವರ ಕಾಟ ದಿನದಿನಕ್ಕೂ ಹೆಚ್ಚುತ್ತಿದೆ. ಇಪ್ಪತ್ತೈದು ವರ್ಷ ಅಡುಗೆಮನೆ ನನಗೆ ಬಿಟ್ಟು ರಾಮಕೋಟಿ ಬರೆದುಕೊಂಡಿದ್ದ ಕೋಟೇಶ್ವರಮ್ಮನವರು ಈಗ ಒಂದು ವರ್ಷದಿಂದ ದಿನಕ್ಕೆ ನಾಲ್ಕು ಸಲ ಒಳಗೆ ಬರುತ್ತಾರೆ. ಹಾಲಿನ ಪಾತ್ರೆಯ ಮುಚ್ಚಳ ಎತ್ತುತ್ತಾರೆ, ಸಾರಿನ ಮೇಲೆ ಬಗ್ಗುತ್ತಾರೆ, ಗ್ಯಾಸಿನ ಗುಂಡಿ ತಿರುವಿ ನೋಡುತ್ತಾರೆ, ಕಿಟಕಿ ತೆರೆದು "ಗಾಲಿ ಲೇದು", ಗಾಳಿಯೇ ಇಲ್ಲ ಎಂದು ಗೊಣಗಿ ಹೋಗುತ್ತಾರೆ. ಇನ್ಸ್‌ಪೆಕ್ಟರ್ ಬಂದ ಹಾಗೆ. ನಮ್ಮವರಿಗೆ ಹೇಳಿದರೆ ಅಂಗಡಿಯ ಸ್ಪೇರ್ ಪಾರ್ಟಿನ ಲೋಕದಿಂದ ತಲೆ ಎತ್ತಿ, ಅಮ್ಮನಿಗೆ ವಯಸ್ಸಾಯಿತು, ಬಿಡು ಎನ್ನುತ್ತಾರೆ. ಕನ್ನಡದ ಸೊಸೆ, ಇವರ ಮಾತಿನ ಕನ್ನಡ ಕೋಡಲು, ಎಷ್ಟು ವರ್ಷ ಆದರೂ ಕನ್ನಡ ಕೋಡಲೇ.

ನರಸಿಂಹನಿಗೆ ಆಶೀರ್ವಾದ. ಗಿಡ ಬದುಕಲಿ.

ಅನಸೂಯಾ

*

ದುವ್ವಾಡ
29 ಡಿಸೆಂಬರ್ 1987

ಅತ್ತಿಗೆ,

ಬಿಟ್ಟಿತು. ಎರಡು ಹೂ. ಎಲೆ ಎತ್ತಿ ನೋಡಿದೆ, ನೀವು ಬರೆದ ಹಾಗೆಯೇ ತಲೆ ತಗ್ಗಿಸಿಕೊಂಡು ನಿಂತಿದ್ದವು. ಬಾವಿಕಟ್ಟೆಯ ಮೇಲೆ ಕೂತು ಅತ್ತೇಬಿಟ್ಟೆ, ಪಕ್ಕದ ಮನೆಯ ಹೈಮಾವತಿಯವರು ಗೋಡೆಯ ಮೇಲಿಂದ ಏನಾಯಿತಮ್ಮಾ ಎಂದು ಗಾಬರಿಯಾದರು.

ಅವಸರದಲ್ಲಿ ಬರೆಯುತ್ತಿದ್ದೇನೆ. ಇವರ ಬ್ಯಾಂಕಿನ ದಿನಕರ ಅವರು ಇವತ್ತಿನ ಕೋರಮಂಡಲ್ ರೈಲಿನಲ್ಲಿ ವಿಜಯವಾಡದ ಆಫೀಸಿಗೆ ಹೊರಟಿದ್ದಾರೆ. ಒಂದು ಹೂವನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಕುಂಕುಮದ ಭರಣಿಯಲ್ಲಿಟ್ಟು ಅವರ ಕೈಗೆ ಕೊಡುತ್ತಿದ್ದೇನೆ. ಭರಣಿಯನ್ನು ಮೂರು ಸಲ ತೊಳೆದಿದ್ದೇನೆ, ಕುಂಕುಮದ ವಾಸನೆ ಇರಲಾರದು.

ನನ್ನ ಗ್ರಹಚಾರ ನೋಡಿ. ವಾರದಿಂದ ನೆಗಡಿ. ಮೂಗು ಪೂರ್ತಿ ಕಟ್ಟಿದೆ, ಹಿಂಗೂ ಒಂದೇ ಮಲ್ಲಿಗೆಯೂ ಒಂದೇ. ನಾನೇ ಬೆಳೆಸಿದ ಹೂವಿನ ವಾಸನೆ ನನಗೇ ಇಲ್ಲ. ಪರವಾಗಿಲ್ಲ, ನನ್ನ ಮೂಗು ಇಲ್ಲಿ ಲೆಕ್ಕಕ್ಕೇ ಇಲ್ಲ. ನಿಮ್ಮ ಒಂದು ಮಾತಿಗೆ ಕಾಯುತ್ತಿದ್ದೇನೆ.

ಗಿರಿಜಾ

*

ಪಟಮಟ, ವಿಜಯವಾಡ
31 ಡಿಸೆಂಬರ್ 1987

ಪ್ರೀತಿಯ ಗಿರಿಜಾ,

ಹೂವು ಬಂತು. ಅದೇ. ಅದೇ ವಾಸನೆ, ಅಮ್ಮನದೇ. ಭರಣಿಯ ಮುಚ್ಚಳ ತೆಗೆದ ಕೂಡಲೇ ಕೋಣೆಯೆಲ್ಲ ತುಂಬಿಕೊಂಡಿತು. ಅಮ್ಮ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ಇಷ್ಟು ವರ್ಷದ ಮೇಲೂ ಎಷ್ಟು ಘಮಘಮ. ನೀನು ದೊಡ್ಡ ಕೆಲಸ ಮಾಡಿದೆ ಕಣಮ್ಮ.

ನರಸಿಂಹನಿಗೆ ಕೊಡು. ಅಕ್ಕ ಹೇಳಿದ್ದಾಳೆ ಎಂದು ಹೇಳಿ ಕೊಡು.

ದಿನಕರ ಅವರು ಕಾಯುತ್ತಿದ್ದಾರೆ, ಇದನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಹೆಚ್ಚಿಗೆ ಬರೆಯಲು ಆಗುತ್ತಿಲ್ಲ.

ಅನಸೂಯಾ

*

ದುವ್ವಾಡ
19 ಜನವರಿ 1988

ಅತ್ತಿಗೆಯವರಿಗೆ ನಮಸ್ಕಾರ.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನಿಮ್ಮ ಮಾತು ಬಂದ ದಿನ ಇವರಿಗೆ ಸ್ನಾನ ಮಾಡಿಸಿ, ಬಾವಿಕಟ್ಟೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ ಮೂಗಿಗೆ ಹೂ ಹಿಡಿದೆ. ಅಕ್ಕ ಹೇಳಿದ್ದಾರೆ, ಇದು ನಿಮ್ಮ ಅಮ್ಮ ಎಂದೆ. ಕಣ್ಣು ಮುಚ್ಚಿಯೇ ಎರಡು ಮೂರು ಸಲ ಉಸಿರೆಳೆದುಕೊಂಡರು. ಆಮೇಲೆ ಹೂವನ್ನು ಷರಟಿನ ಜೇಬಿನಲ್ಲಿ ಇಟ್ಟುಕೊಂಡು ಬ್ಯಾಂಕಿಗೆ ಹೋದರು. ಅಂದಿನಿಂದ ಗಿಡ ಎಷ್ಟು ಹೂ ಬಿಟ್ಟರೂ ಎಲ್ಲಾ ಆ ಜೇಬಿಗೇ. ನನಗೆ ಅಷ್ಟು ಸಂತೋಷವಾಗಿತ್ತು, ಏನು ಹೇಳಲಿ.

ಸಂಕ್ರಾಂತಿಯ ಹೊತ್ತಿಗೆ ನನ್ನ ನೆಗಡಿ ಬಿಟ್ಟಿತು. ಓಡಿಹೋಗಿ ಹೂ ಕಿತ್ತು ಮೂಸಿದೆ. ಏನೂ ಇಲ್ಲ. ಎರಡು, ಮೂರು ಹೂ ಮೂಸಿದೆ. ನೀರಿನಲ್ಲಿ ಅದ್ದಿದ ಕಾಗದಕ್ಕೆ ಇರುವಷ್ಟೂ ವಾಸನೆ ಇಲ್ಲ. ನನ್ನ ಮೂಗು ಸರಿಯಾಗಿದೆಯೋ ನೋಡಲು ಕಾಫಿಪುಡಿ ಮೂಸಿದೆ, ಬಂತು. ಕರ್ಪೂರ ಬಂತು. ಸೂರ್ಯಪ್ರಕಾಶ ಅವರ ಹತ್ತಿರ ಹೂ ಹಿಡಿದುಕೊಂಡು ಹೋದೆ. ಪಾಪ, ಮೋಸ ಮಾಡುವ ಮನುಷ್ಯ ಅಲ್ಲ. ಇದು ಘಟ್ಟದ ಕಾಡು ವಯೊಲೆಟ್ ಅಮ್ಮಾ, ನೋಡುವುದಕ್ಕೆ ಅದೇ ಥರ, ಇದಕ್ಕೆ ಪರಿಮಳ ಇಲ್ಲ, ಪರಿಮಳದ್ದು ಬೇರೆ ಜಾತಿ, ನೀವು ವಾಸನೆಯ ಮಾತೇ ಆಡಿರಲಿಲ್ಲವಲ್ಲ ಎಂದರು. ನಿಜ, ನಾನು ಎಲೆಯ ಆಕಾರ ಹೇಳಿದ್ದೆ, ಬಣ್ಣ ಹೇಳಿದ್ದೆ, ಯಾವುದಕ್ಕಾಗಿ ಬೇಕೋ ಅದನ್ನು ಹೇಳಿರಲಿಲ್ಲ.

ಹಾಗಾದರೆ ನಿಮ್ಮ ಕೋಣೆ ತುಂಬಿದ್ದು ಯಾವುದು ಅತ್ತಿಗೆ?

ನಾನು ಚಿಕ್ಕವಳು, ಹುಚ್ಚು ಹಚ್ಚಿಕೊಂಡಿದ್ದಾಳೆ, ಮನಸ್ಸು ನೋಯಿಸುವುದು ಬೇಡ ಎಂದು ಬರೆದಿರಿ ಅನ್ನಿಸುತ್ತದೆ. ಮಗುವಿಗೆ ಚಂದಮಾಮನನ್ನು ತೋರಿಸಿದ ಹಾಗೆ. ಅದು ಬೇಕಿರಲಿಲ್ಲ. ಅಲ್ಲ ಎಂದಿದ್ದರೆ ಇನ್ನೊಂದು ಗಿಡ ಹುಡುಕುತ್ತಿದ್ದೆ. ಈಗ ಇವರು ವಾಸನೆಯೇ ಇಲ್ಲದ ಹೂವನ್ನು ಅಮ್ಮ ಎಂದು ಎದೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿದ್ದಾರೆ. ಇವರಿಗೆ ಏನು ಹೇಳಲಿ, ನೀವೇ ತಿಳಿಸಿ.

ಗಿರಿಜಾ

*

ದುವ್ವಾಡ
17 ಮಾರ್ಚ್ 1988

ಅತ್ತಿಗೆಯವರಿಗೆ,

ಯುಗಾದಿಯ ನಮಸ್ಕಾರ. ಎಲ್ಲರೂ ಕ್ಷೇಮ. ಗಿಡ ಇದೆ.

ಗಿರಿಜಾ

*

ಪಟಮಟ, ವಿಜಯವಾಡ
3 ಏಪ್ರಿಲ್ 1988

ಗಿರಿಜಾ,

ನಿನ್ನ ಕಾರ್ಡು ಬಂತು. ಅದರಲ್ಲಿ ಎಣಿಸಿ ಆರು ಮಾತು ಇತ್ತು. ಹಿಂದಿನ ಪತ್ರಗಳಲ್ಲಿ ಅಂಚಿನಲ್ಲೂ ಬರೆಯುತ್ತಿದ್ದವಳು ನೀನು. ಅದನ್ನು ನೋಡಿದ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

ನನಗೆ ವಾಸನೆ ಬರುವುದಿಲ್ಲ. ಯಾವುದೂ ಬರುವುದಿಲ್ಲ. ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಹತ್ತು ದಿನ ಜ್ವರ ಬಂದಿತ್ತಲ್ಲ, ನೀವಿಬ್ಬರೂ ನೋಡಲು ಬಂದಿದ್ದಿರಿ. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ನೆಗಡಿ ಇರಬೇಕು ಎಂದು ಒಂದು ತಿಂಗಳು ಕಾದೆ. ಆಮೇಲೆ ಕಾಯುವುದು ಬಿಟ್ಟೆ. ಡಾಕ್ಟರಿಗೂ ತೋರಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಈ ಕಾಗದಕ್ಕೇ ಮೊದಲು ಹೇಳುತ್ತಿರುವುದು.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ನಾನು ಈ ಮನೆಗೆ ಬಂದಾಗ ಒಂದು ತೆಲುಗು ಮಾತೂ ಸರಿಯಾಗಿ ಆಡುತ್ತಿರಲಿಲ್ಲ. ಇವರ ಅಡುಗೆಯ ಪಪ್ಪು ಗೊತ್ತಿಲ್ಲ, ಗೋಂಗೂರ ಸೊಪ್ಪು ಗೊತ್ತಿಲ್ಲ. ಮೊದಲ ವರ್ಷ ಎಲ್ಲರೂ ನಕ್ಕರು. ಆ ಮೇ ತಿಂಗಳಲ್ಲಿ ಆವಕಾಯಿ ಉಪ್ಪಿನಕಾಯಿ ಹಾಕುವ ದಿನ ನಾನು ಎಣ್ಣೆಯ ಡಬ್ಬ ಮೂಸಿ, ಇದು ಕಮಟು, ಹಾಕಬೇಡಿ ಎಂದೆ. ಯಾರೂ ನಂಬಲಿಲ್ಲ. ಆ ಎಣ್ಣೆ ಹಾಕಿದ ಜಾಡಿ ಮೂರು ತಿಂಗಳಿಗೆ ಕೆಟ್ಟಿತು. ಅಂದಿನಿಂದ ಅನಸೂಯಳ ಮೂಗಿಗೆ ಬಂದದ್ದೇ ಮಾತು. ಈಗಲೂ ನಾಲ್ಕು ಮನೆಯವರು ಎಣ್ಣೆ, ಸಾಸಿವೆಪುಡಿ ತಂದು ನನ್ನ ಮುಂದೆ ಹಿಡಿಯುತ್ತಾರೆ. ಆ ಮೂಗಿನಿಂದಲೇ ನಾನು ಈ ಮನೆಯವಳಾದದ್ದು. ಅದು ಹೋಯಿತು ಎಂದು ಯಾವ ಬಾಯಲ್ಲಿ ಹೇಳಲಿ? ಎರಡು ವರ್ಷದಿಂದ ನಾಟಕ. ಮೂಸಿದ ಹಾಗೆ ಮಾಡುವುದು, ನಾಲಿಗೆಯ ತುದಿಗೆ ತಾಗಿಸಿ ಅಂದಾಜಿನ ಮೇಲೆ ತಲೆಯಾಡಿಸುವುದು. ಹೋದ ವರ್ಷ ಪಕ್ಕದ ಮನೆಯವರ ಒಂದು ಜಾಡಿ ಕೆಟ್ಟಿತು. ಬೈಗುಳ ತಿಂದವನು ಎಣ್ಣೆ ಅಂಗಡಿಯವನು.

ನಿನ್ನ ಹೂವು ಬಂದ ದಿನ ಬಾಗಿಲು ಹಾಕಿಕೊಂಡು ಎಷ್ಟು ಮೂಸಿದೆನೋ ದೇವರಿಗೇ ಗೊತ್ತು. ಅಮ್ಮನ ಹೂವಾದರೂ ಬರುತ್ತದೆ ಎಂದು ಒಂದು ಆಸೆ ಇತ್ತು. ಬರಲಿಲ್ಲ. ಹೂವಿನಲ್ಲಿ ಇಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು? ನನ್ನಲ್ಲಿ ಇಲ್ಲವೆಂದೇ ತಿಳಿದೆ. ಹೊರಗೆ ದಿನಕರ ಕಾಫಿ ಕುಡಿಯುತ್ತಾ ಕಾದಿದ್ದರು. ನರಸಿಂಹನಿಗಾದರೂ ಸಿಗಲಿ ಎಂದು ಬರೆದುಬಿಟ್ಟೆ.

ನಿನ್ನನ್ನು ಮಗು ಎಂದುಕೊಂಡಿರಲಿಲ್ಲ ಗಿರಿಜಾ. ನಿನ್ನ ಮುಂದೆ ಸಣ್ಣವಳಾಗಲು ನಾಚಿಕೆಯಾಯಿತು, ಅಷ್ಟೇ. ತಪ್ಪು ನನ್ನದು, ಕ್ಷಮಿಸು. ಈ ವಿಷಯ ನರಸಿಂಹನಿಗೂ ಗೊತ್ತಾಗುವುದು ಬೇಡ.

ಅನಸೂಯಾ

*

ದುವ್ವಾಡ
9 ಏಪ್ರಿಲ್ 1988

ಅತ್ತಿಗೆ, ನನ್ನ ಅತ್ತಿಗೆ,

ಕ್ಷಮೆ ನೀವು ಕೇಳುವುದಲ್ಲ. ಆ ಕಾರ್ಡನ್ನು ಹರಿದುಹಾಕಿ ಒಲೆಗೆ ಹಾಕಿ. ಆರು ಮಾತನ್ನು ನಾನು ಎಣಿಸಿಯೇ ಬರೆದಿದ್ದೆ, ಅಷ್ಟು ಕೆಟ್ಟವಳು.

ನಿಮ್ಮ ಪತ್ರ ಬಂದ ಸಂಜೆಯೇ ಇವರಿಗೆ ಗಿಡದ ವಿಷಯ ಹೇಳಿದೆ. ನರ್ಸರಿಯಲ್ಲಿ ಬೇರೆ ಜಾತಿ ಕೊಟ್ಟರಂತೆ, ಅತ್ತಿಗೆಗೂ ಆಗ ನೆಗಡಿಯಂತೆ, ಗೊತ್ತಾಗಲಿಲ್ಲವಂತೆ ಎಂದೆ. ಒಂದು ನೆಗಡಿಯನ್ನು ನಿಮಗೂ ದಾನ ಮಾಡಿದೆ, ಒಪ್ಪಿಸಿಕೊಳ್ಳಿ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಜೇಬಿನಿಂದ ಒಣಗಿದ ಹೂ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನಂಗೂ ಏನೂ ಬರ್ತಿರ್ಲಿಲ್ಲ. ಅಕ್ಕ ಅದೇ ಅಂದ್ಲಲ್ಲ, ಬರದೇ ಇದ್ರೆ ತಪ್ಪು ನಂದೇ ಅಂದ್ಕೊಂಡೆ." ಮೂರು ತಿಂಗಳು, ಅತ್ತಿಗೆ. ದಿನಾ ಮೂಸಿ ದಿನಾ ತನ್ನನ್ನೇ ತಪ್ಪು ಎಂದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದರು. ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು. ನಿಮ್ಮಿಬ್ಬರಿಗೂ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

ಈಗ ಸಂತೋಷದ ಸುದ್ದಿ. ದಿನಕರ ಅವರು ಮೇ ತಿಂಗಳಲ್ಲಿ ಬ್ಯಾಂಕಿನ ಪ್ರವಾಸದ ರಜೆ, ಎಲ್‌ಟಿಸಿ, ತೆಗೆದುಕೊಂಡು ಹೆಂಡತಿಯ ಜೊತೆ ಊಟಿಗೆ ಹೋಗುತ್ತಿದ್ದಾರೆ. ಊಟಿಯಲ್ಲಿ ಪರಿಮಳದ ವಯೊಲೆಟ್ ಇದ್ದೇ ಇದೆ ಎಂದು ಸೂರ್ಯಪ್ರಕಾಶ ಆಣೆ ಮಾಡಿದ್ದಾರೆ. ಈ ಸಲ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದುಕೊಟ್ಟಿದ್ದೇನೆ: ವಾಸನೆ ಇರುವುದು. ವಾಸನೆ ಇರುವುದೇ. ಅಪ್ಪನ ಕುಂಡದೊಳಗಿನ ಕುಂಡ ತಯಾರಾಗಿದೆ, ಮರಳು ಭೀಮಿಲಿಯ ಹೊಳೆಯದು. ಸ್ಟೀಲ್ ಪ್ಲಾಂಟಿನ ಕೆಂಪು ಧೂಳು ಬೀಳದ ಹಾಗೆ ಗೋಣಿಚೀಲದ ಚಪ್ಪರ ಹಾಕಿದ್ದೇನೆ.

ನಿಮ್ಮ ಗುಟ್ಟು ನನ್ನಲ್ಲಿ ಭದ್ರ. ಆದರೆ ಒಬ್ಬ ಡಾಕ್ಟರನ್ನು ಕಾಣಿ.

ಗಿರಿಜಾ

*

ಪಟಮಟ, ವಿಜಯವಾಡ
6 ಜೂನ್ 1988

ಪ್ರೀತಿಯ ಗಿರಿಜಾ,

ದಿನಕರ ಊಟಿಯಿಂದ ತಂದ ವಯೊಲೆಟ್ ಕುಡಿಗಳು ಚಿಗುರಿದವು ಎಂದು ಓದಿ ಎಷ್ಟು ಸಮಾಧಾನವಾಯಿತು. ಸೋಪಿನ ಡಬ್ಬಿಯಲ್ಲಿ ಅಷ್ಟು ದೂರ ಬಂದದ್ದೇ ಆಶ್ಚರ್ಯ. ಇಲ್ಲಿ ನಲವತ್ತಾರು ಡಿಗ್ರಿ, ಬೆಂಜ್ ಸರ್ಕಲ್‌ನಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿದೆ.

ಡಾಕ್ಟರನ್ನು ಕಂಡೆ, ಮಂಡಿನೋವು ಎಂದು ಮನೆಯಲ್ಲಿ ಹೇಳಿ. ಕೆಲವರಿಗೆ ತಾನಾಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಔಷಧಿ ಇಲ್ಲ ಎಂದರು. ಇರಲಿ.

ಆವಕಾಯಿ ಆಯಿತು. ನಾನು ಹೆದರಿಕೊಂಡು ಕೂತಿದ್ದೆ, ನಾಲ್ಕು ಮನೆಯವರೂ ಡಬ್ಬ ಹಿಡಿದು ಬಂದರು. ನಾನು ಕೈ ಚಾಚುವ ಮೊದಲೇ ಅತ್ತೆಯವರು ಒಂದೊಂದೇ ಡಬ್ಬ ಕಿತ್ತುಕೊಂಡು, ತಾವೇ ಮೂಸಿ, ತಾವೇ ತೀರ್ಪು ಕೊಟ್ಟರು. ಎಪ್ಪತ್ತರ ಮೇಲೆ ಇವರಿಗೆ ಅಧಿಕಾರದ ಆಸೆ ಹುಟ್ಟಿದೆ. ನನ್ನನ್ನು ಮೆಣಸಿನಪುಡಿ ಕಲೆಸಲು ಕೂರಿಸಿದರು. ಒಂದು ಲೆಕ್ಕಕ್ಕೆ ನಾನು ಬಚಾವಾದೆ, ಆದರೂ ಎಲ್ಲರ ಮುಂದೆ ಬದಿಗೆ ತಳ್ಳಿದ್ದಕ್ಕೆ ಹೊಟ್ಟೆ ಉರಿಯಿತು.

ಗಿಡಕ್ಕೆ ಮಧ್ಯಾಹ್ನದ ಬಿಸಿಲು ತೋರಿಸಬೇಡ.

ಅನಸೂಯಾ

*

ದುವ್ವಾಡ
5 ಜನವರಿ 1989

ಅತ್ತಿಗೆ,

ಬಿಟ್ಟಿತು. ಈ ಸಲ ಒಂದಲ್ಲ ಎರಡಲ್ಲ, ಏಳು. ಆದರೆ ಕೇಳಿ, ಒಂದು ವಿಚಿತ್ರವಾಗಿದೆ.

ಮೊದಲ ಹೂ ಮೂಸಿದೆ, ಬಂತು. ನಿಜವಾಗಿ ಬಂತು. ತಂಪಾಗಿ, ಸಿಹಿಯಾಗಿ. ಕುಣಿದಾಡಿ ಮತ್ತೆ ಮೂಸಿದೆ, ಇಲ್ಲ. ಪೂರ್ತಿ ಇಲ್ಲ. ಸ್ನಾನ ಮಾಡಿ ಬಂದು ಮೂಸಿದರೆ ಮತ್ತೆ ಬಂತು, ಮತ್ತೆ ಹೋಯಿತು. ಇದು ಹೂವಿನ ಆಟವೋ ನನ್ನ ಭ್ರಮೆಯೋ ತಿಳಿಯುತ್ತಿಲ್ಲ. ಸೌತೆಕಾಯಿ ಸಕ್ಕರೆ ಎಂದು ನಿಮ್ಮ ಪತ್ರವನ್ನು ನೂರು ಸಲ ಓದಿದ್ದೇನೆ, ನನಗೆ ಈಗ ಗುಲಾಬಿ ಮೂಸಿದರೂ ಸೌತೆಕಾಯಿಯೇ ಬರುತ್ತದೇನೋ. ಇವರು ಬರುತ್ತದೆ ಎನ್ನುತ್ತಾರೆ, ಆದರೆ ಹೋದ ವರ್ಷ ವಾಸನೆಯೇ ಇಲ್ಲದ ಹೂವನ್ನೂ ಮೂರು ತಿಂಗಳು ಜೇಬಿನಲ್ಲಿ ಇಟ್ಟುಕೊಂಡವರು. ಹೈಮಾವತಿಯವರನ್ನು ಕೇಳೋಣ ಎಂದರೆ ಹೂವು ನೋಡುವ ಮೊದಲೇ 'ಆಹಾ, ದೋಸಕಾಯ', ಸೌತೆಕಾಯಿ, ಎಂದುಬಿಟ್ಟರು. ತಪ್ಪು ನನ್ನದೇ, ಈ ಬೀದಿಯಲ್ಲಿ ಆ ಕಥೆ ಕೇಳದವರು ಯಾರೂ ಉಳಿದಿಲ್ಲ. ನಾವೆಲ್ಲ ಹೇಳಿಕೊಟ್ಟ ಸಾಕ್ಷಿಗಳು.

ಅಮ್ಮನ ಆ ಮಾತು ಕೇಳಿರದ ಒಂದು ಮೂಗು ಬೇಕು ಅತ್ತಿಗೆ. ಅದು ಏನು ಹೇಳುತ್ತದೆ ಎಂದು ಕೇಳಿ, ಹೌದು ಅಲ್ಲ ಅನ್ನಬೇಕಾದವರು ನೀವು. ಅಂಥ ಮೂಗು ನಿಮ್ಮ ಮನೆಯಲ್ಲೇ ಒಂದಿದೆ. ಕನ್ನಡ ಓದಲು ಬಾರದು, ಎಣ್ಣೆಯ ಡಬ್ಬ ಕಿತ್ತುಕೊಂಡು ಮೂಸುತ್ತದೆ, ಯಾರ ಮುಲಾಜಿಗೂ ಸುಳ್ಳು ಹೇಳುವುದಿಲ್ಲ.

ಕೇಳಬೇಕಾದರೆ ನಿಮ್ಮ ಗುಟ್ಟು ಹೇಳಬೇಕಾಗುತ್ತದೆ, ಗೊತ್ತು. ಕಷ್ಟವಾದರೆ ಬೇಡ. ಮೂರು ಹೂ ಕಳಿಸುತ್ತಿದ್ದೇನೆ, ಅದೇ ಭರಣಿ, ಅದೇ ದಿನಕರ. ಇವರು ಈ ಸಲ ಜೇಬಿಗೆ ಹಾಕಿಕೊಂಡಿಲ್ಲ. ಅಕ್ಕನ ಪತ್ರ ಬರಲಿ ಎಂದು ನಾಲ್ಕು ಹೂವನ್ನು ಲೋಟದಲ್ಲಿಟ್ಟು ಅದರ ಎದುರಿಗೇ ಕೂತಿದ್ದಾರೆ.

ಗಿರಿಜಾ

*

ಪಟಮಟ, ವಿಜಯವಾಡ
7 ಜನವರಿ 1989

ಪ್ರೀತಿಯ ಗಿರಿಜಾ,

ದಿನಕರ ಸಂಜೆಯ ಗಾಡಿಗೆ ಹೊರಡುತ್ತಾರೆ, ಅಷ್ಟರೊಳಗೆ ಎಲ್ಲಾ ಬರೆದು ಮುಗಿಸಬೇಕು.

ಭರಣಿ ತೆರೆದು ಮೊದಲು ನಾನೇ ಮೂಸಿದೆ. ಬರಲಿಲ್ಲ. ಅಳು ಬರುವ ಮೊದಲೇ ಎದ್ದು ಅತ್ತೆಯವರ ಕೋಣೆಗೆ ಹೋದೆ. ರಾಮಕೋಟಿ ಬರೆಯುತ್ತಿದ್ದರು. ಹೂ ಮುಂದಿಟ್ಟು, ಅತ್ತಯ್ಯಾ, ಇದರ ವಾಸನೆ ಹೇಗಿದೆ ಹೇಳಿ, ನನಗೆ ಎರಡೂವರೆ ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಪೆನ್ನು ಕೆಳಗಿಡಲಿಲ್ಲ, ಕನ್ನಡಕದ ಮೇಲಿಂದ ನೋಡಿ, "ತೆಲುಸು" ಎಂದರು.

ಗೊತ್ತಂತೆ ಗಿರಿಜಾ. ಆ ಜ್ವರ ಬಿಟ್ಟು ನಾನು ಒಲೆಯ ಮುಂದೆ ನಿಂತ ಮೊದಲ ವಾರದಲ್ಲೇ ಗೊತ್ತಾಯಿತಂತೆ. ಸಾರಿಗೆ ಎರಡು ಸಲ ಇಂಗು ಹಾಕಿದೆನಂತೆ, ಹಾಲು ತಳ ಹಿಡಿದರೂ ಕಲಕುತ್ತಾ ನಿಂತಿದ್ದೆನಂತೆ. ಒಂದು ದಿನ ಗ್ಯಾಸಿನ ಗುಂಡಿ ಅರ್ಧ ತೆರೆದೇ ಇತ್ತಂತೆ, ಮನೆಯೆಲ್ಲ ವಾಸನೆ, ನಾನು ಅಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದೆನಂತೆ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಬರಲು ಶುರು ಮಾಡಿದರು. ಹಾಲು ನೋಡಲು, ಗ್ಯಾಸು ನೋಡಲು, ಕಿಟಕಿ ತೆರೆಯಲು. ಆವಕಾಯಿಯ ದಿನ ಡಬ್ಬ ಕಿತ್ತುಕೊಂಡದ್ದು ಅಧಿಕಾರಕ್ಕಲ್ಲ. ನಾಲ್ಕು ಮನೆಯವರ ಮುಂದೆ ನಾನು ಸಿಕ್ಕಿಬೀಳದಿರಲಿ ಎಂದು. ನಾನು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿಯುತ್ತಿದ್ದೆ, ಅವರು ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ನಿನಗೆ ನಾನು ಬರೆದ ದೂರುಗಳನ್ನೆಲ್ಲ ನೆನೆದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ.

ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ. "ನುವ್ವು ಚೆಪ್ಪಲೇದು ಕದಾ," ಎಂದರು. ನೀನು ಹೇಳಲಿಲ್ಲವಲ್ಲ ಅಂತ. ಅಷ್ಟೇ.

ಆಮೇಲೆ ಹೂ ಎತ್ತಿ ಮೂಸಿದರು. ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ಹೇಳಿದರು: "ಲೇತ ದೋಸಕಾಯ ಕೋಸಿನಟ್ಟುಂದಿ. ಕೊಂಚೆಂ ತೀಪಿ." ಎಳೇ ಸೌತೇಕಾಯಿ ಹೆಚ್ಚಿದಂಗಿದೆ, ಸ್ವಲ್ಪ ಸಿಹಿ. ಅವರಿಗೆ ನಾನು ಏನೂ ಹೇಳಿರಲಿಲ್ಲ, ದೇವರಾಣೆ. ನನ್ನ ಅಮ್ಮನ ಮಾತು ಅವರ ಬಾಯಲ್ಲಿ ತೆಲುಗಿನಲ್ಲಿ ಬಂತು.

ಇನ್ನೊಂದು ಸಲ ಮೂಸಿದರು. ಹುಬ್ಬು ಗಂಟಿಕ್ಕಿದರು. ಮತ್ತೊಂದು ಸಲ. ಹೂವನ್ನು ನನ್ನ ಕೈಗೆ ಕೊಟ್ಟು, "ಇಪ್ಪುಡು ನಾಕೂ ರಾವಟ್ಲೇದು" ಎಂದು ನಕ್ಕರು. ಈಗ ನನಗೂ ಬರುತ್ತಿಲ್ಲ ಅಂತ.

ಆಗ ನೆನಪಾಯಿತು ಗಿರಿಜಾ. ಮೂವತ್ತು ವರ್ಷ ಮರೆತೇ ಹೋಗಿದ್ದದ್ದು. ಅಮ್ಮ ಹೂವನ್ನು ನನ್ನ ಮೂಗಿಗೆ ಒಂದೇ ಒಂದು ಸಲ ಹಿಡಿದು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಇನ್ನೊಂದು ಸಲ ಎಂದರೆ, "ಹೋಗು, ಮನೆ ಸುತ್ತ ಒಂದು ಸುತ್ತು ಹಾಕ್ಕೊಂಡು ಬಾ, ಆಮೇಲೆ ಕೊಡ್ತೀನಿ" ಅನ್ನುತ್ತಿದ್ದಳು. ನಾನು ಓಡಿ ಬರುತ್ತಿದ್ದೆ. ಬಂದರೆ ಮತ್ತೆ ಅಷ್ಟೇ ವಾಸನೆ. ಅಮ್ಮ ಎಷ್ಟು ಜಿಪುಣಿ ಎಂದುಕೊಂಡಿದ್ದೆ. ಆ ಹೂವಿನ ಗುಣವೇ ಹಾಗೆ ಇರಬೇಕು. ಅದರ ಮುಂದೆ ಯಾರ ಮೂಗೂ ಎರಡನೇ ಸಲ ನಿಲ್ಲುವುದಿಲ್ಲ. ನಿನ್ನದು ಭ್ರಮೆಯಲ್ಲ.

ಅತ್ತೆಯವರು ಈಗ ಜಗುಲಿಯಲ್ಲಿ ಒಂದು ಸುತ್ತು ಹಾಕಿ ಬಂದು ಮತ್ತೆ ಮೂಸುತ್ತಿದ್ದಾರೆ. ಇದು ನಾಲ್ಕನೇ ಸುತ್ತು. ಪ್ರತಿ ಸಲವೂ ಬಂದು ಹೇಗಿದೆ ಎಂದು ನನಗೆ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಮೂರನೇ ಸಲಕ್ಕೆ ನಿಮ್ಮ ಅಮ್ಮನ ಹೆಸರೇನು ಎಂದು ಕೇಳಿದರು. ಇಪ್ಪತ್ತೇಳು ವರ್ಷದಲ್ಲಿ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇನ್ನು ನಿನ್ನ ಕೆಲಸ. ಆ ಲೋಟದ ಮುಂದಿನಿಂದ ನನ್ನ ತಮ್ಮನನ್ನು ಎಬ್ಬಿಸು. ಬಾವಿಯ ಸುತ್ತ ಒಂದು ಸುತ್ತು ಹಾಕಿಸು. ಬಂದ ಮೇಲೆ ಮೂಗಿಗೆ ಹೂ ಹಿಡಿ, ಒಂದೇ ಸಲ, ಆಮೇಲೆ ಬೆನ್ನ ಹಿಂದೆ ಬಚ್ಚಿಟ್ಟುಕೋ. ಬೇಕು ಎಂದರೆ ಮತ್ತೆ ಓಡಿಸು. ನನ್ನ ಗುಟ್ಟನ್ನೂ ಹೇಳಿಬಿಡು, ಇನ್ನು ಮುಚ್ಚಿಡುವುದಿಲ್ಲ. ಅಮ್ಮ ಅವನನ್ನೂ ಹೀಗೆಯೇ ಓಡಿಸುತ್ತಿದ್ದಳು, ಅವನ ಕಾಲಿಗೆ ನೆನಪಿದ್ದರೂ ಇರಬಹುದು. ಅಕ್ಕ ಅದೇ ಎಂದಳು ಎಂದು ಹೇಳು. ಈ ಸಲ ಅಕ್ಕನನ್ನು ನಂಬದಿದ್ದರೂ ಪರವಾಗಿಲ್ಲ, ಕೋಟೇಶ್ವರಮ್ಮನವರನ್ನು ಕೇಳಲಿ.

ನಿನ್ನ
ಅನಸೂಯಾ